ಝಾರ್ ಕಾಲದ ಷೇರು ಪತ್ರಗಳೂ ಮೊಣಕಾಲಿನ ಎಫ್‌ಡಿಯೂ

ಪ್ರಶ್ನೆ: ನನಗೆ 61 ವರ್ಷ. ಇವರು ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಸೀನಿಯರ್ ಮ್ಯಾನೇಜರ್ ಆಗಿ ನಿವೃತ್ತರಾದವರು. ನಿವೃತ್ತಿಯ ಬೆನ್ನಿಗೇ ವಿಲೀನವಾಗಿ ಇವರ ಬ್ಯಾಂಕಿನ ಹೆಸರೇ ಬೋರ್ಡಿನಿಂದ ಹೋಯಿತು. ಮಗ, ಸೊಸೆ ಬ್ರಸೆಲ್ಸ್‌ನಲ್ಲಿದ್ದಾರೆ. ಸೊಸೆಯ ಬಾಣಂತನಕ್ಕೆಂದು ಎರಡು ವರ್ಷದ ಹಿಂದೆ ಇಬ್ಬರೂ ಅಲ್ಲಿಗೆ ಹೋಗಿದ್ದೆವು. ನನಗೆ ಮಗುವಿನ ಕೆಲಸವೇ ಸಾಕಷ್ಟಿತ್ತು. ಇವರು ಹೊತ್ತು ಹೋಗದೆ ಬೆಳಿಗ್ಗೆ ಹಳೆ ಸಾಮಾನಿನ ಸಂತೆಗೆ ಹೋಗಿ ಬರುತ್ತಿದ್ದರು. ಒಂದು ದಿನ ದೊಡ್ಡ ಕಾಗದವೊಂದನ್ನು ಸುರುಳಿ ಸುತ್ತಿ ತಂದು, ಇದು ಒಡೆಸ್ಸಾ ಊರಿನ ಟ್ರಾಮ್ ಕಂಪನಿಯ ಷೇರು, ನೂರು ವರ್ಷಕ್ಕೂ ಹಳೆಯದು ಎಂದರು. ನೋಡಲು ಚಂದವೇ ಇತ್ತು, ನಾನೂ ಸುಮ್ಮನಾದೆ.

ಈಗ ಕಪಾಟಿನ ಒಂದು ಅರೆ ಪೂರ್ತಿ ಇಂಥ ಕಾಗದಗಳೇ. ಎಲ್ಲ ರಷ್ಯದವು: ಎಣ್ಣೆ ಕಂಪನಿ, ಉಕ್ಕಿನ ಕಾರ್ಖಾನೆ, ರೈಲು. ಪಿಂಚಣಿ ಬಂದ ವಾರದಲ್ಲೇ ಯುರೋಪಿನ ಯಾವುದೋ ಹರಾಜಿಗೆ ದುಡ್ಡು ಹೋಗುತ್ತದೆ. ಎಷ್ಟು ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಇಷ್ಟಾದರೂ ತಡೆದುಕೊಂಡಿದ್ದೆ. ತಿಂಗಳ ಹಿಂದೆ ಒಬ್ಬಾತ ಫೋನ್ ಮಾಡಿದ. ರಷ್ಯ ಸರ್ಕಾರ ಹಳೆಯ ಚಿನ್ನದ ಬಾಂಡುಗಳನ್ನು ಬಡ್ಡಿ ಸಮೇತ ತೀರಿಸಲಿದೆಯಂತೆ, ಇವರ ಹತ್ತಿರ ಇರುವ ನಾಲ್ಕು ಬಾಂಡಿಗೆ ಕೋಟಿಗಟ್ಟಲೆ ಬರುತ್ತದಂತೆ, ಅದಕ್ಕೆ ಮೊದಲು ದೃಢೀಕರಣ ಶುಲ್ಕ ಎಂದು ಮೂರು ಲಕ್ಷ ಕಟ್ಟಬೇಕಂತೆ. ಇಂಥ ಮೋಸದ ಬಗ್ಗೆ ಕೌಂಟರಿನಲ್ಲಿ ಕೂತು ನೂರಾರು ಜನರಿಗೆ ಬುದ್ಧಿ ಹೇಳಿದವರೇ ಈಗ ಎಫ್‌ಡಿ ಮುರಿಯುತ್ತೇನೆ ಎನ್ನುತ್ತಿದ್ದಾರೆ. ಅದು ನನ್ನ ಮೊಣಕಾಲಿನ ಆಪರೇಷನ್ನಿಗೆ ಇಟ್ಟ ದುಡ್ಡು. ಸಿಟ್ಟಿನಲ್ಲಿ, ಎಲ್ಲವನ್ನೂ ಬಚ್ಚಲೊಲೆಗೆ ಹಾಕುತ್ತೇನೆ ಎಂದುಬಿಟ್ಟೆ. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆ. ಈ ಕಾಗದಗಳಿಗೆ ಬೆಲೆ ಇದೆಯೇ? ಇವರಿಗೆ ಏನಾಗಿದೆ?
— ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ತುರ್ತಿನ ಮಾತು. ಎಫ್‌ಡಿ ಮುರಿಯುವುದು ಬೇಡ. ಫೋನ್ ಮಾಡಿದವನಿಗೆ ಒಂದು ರೂಪಾಯಿಯೂ ಹೋಗಬಾರದು. ಆಧಾರ್ ಪ್ರತಿ, ಪಾಸ್‌ಬುಕ್ಕಿನ ಪುಟ, ಬಾಂಡಿನ ಫೋಟೊ ಯಾವುದೂ ಹೋಗಬಾರದು. ಈಗಾಗಲೇ ಏನಾದರೂ ಹೋಗಿದ್ದರೆ ಇವತ್ತೇ 1930ಕ್ಕೆ ಕರೆ ಮಾಡಿ ದೂರು ಬರೆಸಿ, ಬ್ಯಾಂಕಿಗೂ ತಿಳಿಸಿ. ಆ ಕರೆ ಮೋಸದ್ದು. ಯಾಕೆ ಎಂಬುದನ್ನು ಕೆಳಗೆ ತಾರೀಖು, ಲೆಕ್ಕ ಸಮೇತ ಬರೆದಿದ್ದೇನೆ. ಆ ಭಾಗವನ್ನು ಅವರೇ ಓದಲಿ. ಬ್ಯಾಂಕಿನಲ್ಲಿ ಪಳಗಿದ ಮನುಷ್ಯನಿಗೆ ಹೆಂಡತಿಯ ಕಣ್ಣೀರಿಗಿಂತ ದಾಖಲೆ ಬೇಗ ನಾಟುತ್ತದೆ. ಅದನ್ನು ತಪ್ಪು ತಿಳಿಯಬೇಡಿ, ಅವರ ವೃತ್ತಿಯ ಅಭ್ಯಾಸ ಅದು.

ಎರಡನೆಯದಾಗಿ, ಕಾಗದಗಳನ್ನು ಸುಡಬೇಡಿ. ಆ ಫೋನ್ ಬೇರೆ, ಅವರ ಹವ್ಯಾಸ ಬೇರೆ. ನಿಮ್ಮ ಭಯದಲ್ಲಿ ಎರಡೂ ಒಂದೇ ಆಗಿ ಕಾಣುತ್ತಿವೆ. ಅವರ ಆಸೆಯಲ್ಲೂ ಹಾಗೆಯೇ ಆಗಿದೆ. ಇವೆರಡನ್ನು ಬೇರೆಮಾಡಿದರೆ ನಿಮ್ಮ ಮನೆಯ ಅರ್ಧ ಜಗಳ ಮುಗಿಯುತ್ತದೆ. ಹಳೆಯ ಷೇರು, ಬಾಂಡುಗಳನ್ನು ಕೂಡಿಡುವುದು ಯುರೋಪಿನಲ್ಲಿ 1970ರ ದಶಕದಿಂದ ಬೆಳೆದ ಹವ್ಯಾಸ. 1978ರಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. ನಿಮ್ಮ ಯಜಮಾನರು ಸೇರಿಕೊಂಡಿರುವುದು ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರ ನೆರೆಮನೆಗೆ. ಅಷ್ಟರಮಟ್ಟಿಗೆ ಅವರಿಗೆ ಏನೂ ಆಗಿಲ್ಲ.

ಒಡೆಸ್ಸಾದ ಟ್ರಾಮಿನ ಷೇರು ಬ್ರಸೆಲ್ಸ್‌ನ ಸಂತೆಯಲ್ಲಿ ಸಿಕ್ಕಿದ್ದಕ್ಕೆ ಕಾರಣವಿದೆ. ಆ ಕಂಪನಿ ಹುಟ್ಟಿದ್ದೇ ಬೆಲ್ಜಿಯಂನಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರಷ್ಯ ಸಾಮ್ರಾಜ್ಯದ ನೆಲದಡಿ ಕಲ್ಲಿದ್ದಲು, ಕಬ್ಬಿಣದ ಅದಿರು, ಎಣ್ಣೆ ಎಲ್ಲವೂ ಇತ್ತು. ಅದನ್ನು ತೆಗೆದು ಬಳಸುವಷ್ಟು ಬಂಡವಾಳ ಇರಲಿಲ್ಲ. 1892ರಿಂದ 1903ರವರೆಗೆ ಹಣಕಾಸು ಮಂತ್ರಿಯಾಗಿದ್ದ ಸೆರ್ಗೇಯ್ ವಿಟ್ಟೆ ಹೊರದೇಶದ ಹಣಕ್ಕೆ ಬಾಗಿಲು ತೆರೆದ. 1897ರಲ್ಲಿ ರೂಬಲ್ಲನ್ನು ಚಿನ್ನಕ್ಕೆ ಕಟ್ಟಿದ. ಇನ್ನು ರೂಬಲ್ ಕುಸಿಯುವುದಿಲ್ಲ ಎಂಬ ಧೈರ್ಯದಲ್ಲಿ ಪ್ಯಾರಿಸ್, ಬ್ರಸೆಲ್ಸ್, ಬರ್ಲಿನ್, ಲಂಡನ್ನಿನ ದುಡ್ಡು ಪೂರ್ವಕ್ಕೆ ಹರಿಯಿತು. ಒಡೆಸ್ಸಾ, ಖಾರ್ಕಿವ್, ಟಿಫ್ಲಿಸ್, ತಾಷ್ಕೆಂಟ್ ಊರುಗಳಲ್ಲಿ ಬೆಲ್ಜಿಯಂ ಕಂಪನಿಗಳು ಟ್ರಾಮ್ ಓಡಿಸಿದವು. ದ್ನೀಪರ್ ನದಿಯ ದಂಡೆಯಲ್ಲಿ ಉಕ್ಕಿನ ಕುಲುಮೆಗಳು ಎದ್ದವು. ಇವುಗಳ ಷೇರು, ಬಾಂಡು ಕೊಂಡವರಲ್ಲಿ ದೊಡ್ಡ ಸಾಹುಕಾರರಷ್ಟೇ ಇರಲಿಲ್ಲ. ಮೇಷ್ಟರು, ಪಾದ್ರಿಗಳು, ಅಂಗಡಿಯವರು, ವಿಧವೆಯರು, ಮಗಳ ಮದುವೆಗೆಂದು ಕೂಡಿಟ್ಟವರು ಇದ್ದರು. ಕಾಗದವನ್ನು ಮನೆಯಲ್ಲೇ ಇಟ್ಟುಕೊಂಡು, ಗಡುವು ಬಂದಾಗ ಕೆಳಗಿನ ಕೂಪನ್ನನ್ನು ಕತ್ತರಿಯಿಂದ ಕತ್ತರಿಸಿ ಬ್ಯಾಂಕಿಗೆ ಕೊಟ್ಟು ಬಡ್ಡಿ ಪಡೆಯುತ್ತಿದ್ದರು. ನಿಮ್ಮ ಕಪಾಟಿನಲ್ಲಿರುವ ಬಾಂಡುಗಳಲ್ಲಿ ಕೂಪನ್ನಿನ ಸಾಲು ಇನ್ನೂ ಉಳಿದಿದ್ದರೆ, ಕತ್ತರಿಸದೆ ಬಿಟ್ಟ ಮೊದಲ ಕೂಪನ್ನಿನ ತಾರೀಖು ನೋಡಿ. ಬಹುಪಾಲು ಅದು 1918ರ ಆಸುಪಾಸಿನದ್ದಾಗಿರುತ್ತದೆ. ಆ ಮನೆಯ ಕತ್ತರಿ ಕೆಲಸ ನಿಲ್ಲಿಸಿದ್ದು ಅಲ್ಲಿ.

ಆ ಮೇಷ್ಟರಿಗೆ, ವಿಧವೆಯರಿಗೆ ಈ ಕಾಗದಗಳನ್ನು ಕೊಳ್ಳುವಂತೆ ಹೇಳಿದವರು ಯಾರು ಎಂಬುದೂ ನಿಮ್ಮ ಯಜಮಾನರಿಗೆ ಗೊತ್ತಿರಬೇಕು. ಪ್ಯಾರಿಸ್‌ನಲ್ಲಿ ಆರ್ಥರ್ ರಫಲೋವಿಚ್ ಎಂಬ ರಷ್ಯ ಸರ್ಕಾರದ ಹಣಕಾಸು ಪ್ರತಿನಿಧಿ ಇದ್ದ. ರಷ್ಯದ ಸಾಲಪತ್ರಗಳನ್ನು ಹೊಗಳಿ ಬರೆಯಲು ಆತ ಫ್ರೆಂಚ್ ಪತ್ರಿಕೆಗಳಿಗೆ ವರ್ಷಗಟ್ಟಲೆ ದುಡ್ಡು ಹಂಚಿದ. ಆ ಕಾಗದಪತ್ರಗಳು ಕ್ರಾಂತಿಯ ನಂತರ ಹೊರಬಿದ್ದು, 1923ರ ಕೊನೆಯಲ್ಲಿ ಪ್ಯಾರಿಸ್‌ನ ಎಡಪಂಥೀಯ ಪತ್ರಿಕೆ ‘ಲ್ಯುಮಾನಿತೆ’ಯಲ್ಲಿ ಅಚ್ಚಾದವು. ಅಂದರೆ ಈ ಬಾಂಡುಗಳ ಹೆಸರಿನಲ್ಲಿ ಸಾಮಾನ್ಯ ಜನರಿಗೆ ಸಿಹಿಮಾತು ಹೇಳಿ ದುಡ್ಡು ಕೀಳುವುದು ನೂರಿಪ್ಪತ್ತು ವರ್ಷದ ಹಳೆಯ ಕಸುಬು. ನಿಮ್ಮ ಮನೆಗೆ ಬಂದ ಫೋನ್ ಅದರ ಇತ್ತೀಚಿನ ಕೊಂಡಿ.

ಈಗ ಅವರು ಓದಬೇಕಾದ ಭಾಗ. ಆ ಕಾಗದಗಳಲ್ಲಿದ್ದ ಹಣ ಕಾನೂನಿನ ಪ್ರಕಾರ, ಬರೆದಿಟ್ಟ ದಿನಗಳಂದು ಸತ್ತಿದೆ. ಬೊಲ್ಶೆವಿಕರು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, ರಷ್ಯದ ಆಗಿನ ಹಳೆಯ ಕ್ಯಾಲೆಂಡರಿನ 1917ರ ಡಿಸೆಂಬರಿನಲ್ಲಿ, ಕೂಪನ್ನಿಗೂ ಲಾಭಾಂಶಕ್ಕೂ ಹಣ ಕೊಡುವುದನ್ನು ನಿಲ್ಲಿಸಿದರು. 1918ರ ಫೆಬ್ರುವರಿ 3ರ ಆಜ್ಞೆ ಝಾರ್ ಸರ್ಕಾರ ಎತ್ತಿದ ಸಾಲಗಳನ್ನು ರದ್ದುಮಾಡಿತು. ವಿದೇಶಿ ಸಾಲಗಳಿಗೆ ಯಾವ ವಿನಾಯಿತಿಯೂ ಇಲ್ಲ ಎಂದು ಅದರಲ್ಲೇ ಬರೆದಿತ್ತು. ಖಾಸಗಿ ರೈಲು ಮುಂತಾದ ಕಂಪನಿಗಳ ಸಾಲಕ್ಕೆ ಹಳೆಯ ಸರ್ಕಾರ ಕೊಟ್ಟಿದ್ದ ಖಾತರಿಯೂ ಅದರೊಂದಿಗೇ ಹೋಯಿತು. ಅದೇ ವರ್ಷ ಜೂನ್ 28ರ ಇನ್ನೊಂದು ಆಜ್ಞೆ ದೊಡ್ಡ ಗಣಿ, ಲೋಹ, ಬಟ್ಟೆ ಕಾರ್ಖಾನೆಗಳನ್ನು ರಾಷ್ಟ್ರೀಕರಣ ಮಾಡಿತು. ಷೇರು ಎಂದರೆ ಕಂಪನಿಯ ಒಡೆತನದ ಒಂದು ತುಂಡು ತಾನೆ? ಕಂಪನಿಯೇ ಸರ್ಕಾರದ್ದಾದ ಮೇಲೆ ತುಂಡಿಗೆ ಏನು ಉಳಿಯಿತು?

ಇದನ್ನು ಒಪ್ಪಲು ಆಗ ಬಹಳ ಜನರಿಗೆ ಆಗಲಿಲ್ಲ. ಬಾಕುವಿನ ಎಣ್ಣೆ ಬಾವಿಗಳ ದೊಡ್ಡ ಕಂಪನಿ ನೊಬೆಲ್ ಸಹೋದರರದ್ದು. 1879ರಲ್ಲಿ 30 ಲಕ್ಷ ರೂಬಲ್ ಬಂಡವಾಳದಿಂದ ಶುರುವಾದದ್ದು. ಅದರಲ್ಲಿ ಅರ್ಧಕ್ಕೂ ಹೆಚ್ಚು ಲುಡ್ವಿಗ್ ನೊಬೆಲ್ ಒಬ್ಬನೇ ಹಾಕಿದ್ದ. ಪ್ರಶಸ್ತಿಯ ಆಲ್ಫ್ರೆಡ್ ನೊಬೆಲ್ ಆತನ ತಮ್ಮ, ಅವನೂ ಪಾಲುದಾರ. 1920ರ ಏಪ್ರಿಲಿನಲ್ಲಿ ಕೆಂಪು ಸೇನೆ ಬಾಕುವನ್ನು ಹಿಡಿಯಿತು. ಅದಾದ ಕೆಲವು ತಿಂಗಳಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಜೆರ್ಸಿ ಮುಂದೆ ಬಂದು ನೊಬೆಲ್ ಕುಟುಂಬದ ಹಿಡಿತದಲ್ಲಿದ್ದ ಪಾಲಿನ ಅರ್ಧವನ್ನು ಕೊಂಡಿತು. ಬೊಲ್ಶೆವಿಕರು ಹೆಚ್ಚು ದಿನ ನಿಲ್ಲುವುದಿಲ್ಲ ಎಂಬುದು ಅದರ ಲೆಕ್ಕ. ಬಾವಿಗಳು ಮರಳಿ ಸಿಗಲಿಲ್ಲ. ಜಗತ್ತಿನ ಅತಿ ದೊಡ್ಡ ಎಣ್ಣೆ ಕಂಪನಿಗೆ, ಅಷ್ಟು ವಕೀಲರೂ ರಾಯಭಾರಿಗಳೂ ಕೈಯಲ್ಲಿದ್ದಾಗ ಬಾರದ ಹಣ, ಉಡುಪಿಯಿಂದ ಮೂರು ಲಕ್ಷ ಕಟ್ಟಿದ ಮಾತ್ರಕ್ಕೆ ಬರುತ್ತದೆಯೇ ಎಂದು ಅವರನ್ನೇ ಕೇಳಿ.

ನಂತರದ ವರ್ಷಗಳಲ್ಲಿ ಸ್ವಲ್ಪ ಹಣ ಬಂದದ್ದು ನಿಜ, ಮೋಸಗಾರರು ಹಿಡಿದುಕೊಳ್ಳುವುದೂ ಅದನ್ನೇ. 1986ರಲ್ಲಿ ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಒಪ್ಪಂದ ಮಾಡಿಕೊಂಡವು. ಲಂಡನ್ನಿನ ಬ್ಯಾಂಕುಗಳಲ್ಲಿ ಕೊಳೆಯುತ್ತಿದ್ದ ಝಾರ್ ಕಾಲದ ಹಣವನ್ನು ಬ್ರಿಟನ್ನಿನ ಹಕ್ಕುದಾರರಿಗೆ ಹಂಚಲಾಯಿತು. ಅರ್ಜಿ ಹಾಕುವ ಅವಧಿ ಎಂದೋ ಮುಗಿದಿದೆ. 1997ರ ಮೇ 27ರಂದು ಫ್ರಾನ್ಸ್ ಮತ್ತು ರಷ್ಯ ಇಂಥದೇ ಒಪ್ಪಂದಕ್ಕೆ ಸಹಿ ಹಾಕಿದವು. ರಷ್ಯ 40 ಕೋಟಿ ಡಾಲರ್ ಕೊಟ್ಟಿತು. ಅದು ಫ್ರೆಂಚ್ ನಾಗರಿಕರಿಗೆ, ಅವರಲ್ಲೂ ಗಡುವಿನೊಳಗೆ ಹೆಸರು ಬರೆಸಿದವರಿಗೆ ಮಾತ್ರ. ಹಂಚಿದಾಗ ಒಬ್ಬೊಬ್ಬರ ಕೈಗೆ ಬಂದದ್ದು ಮೂಲ ಬೆಲೆಯ ಸಣ್ಣ ಚೂರು. ಆ ಒಪ್ಪಂದದೊಂದಿಗೆ ಫ್ರಾನ್ಸ್ ಸರ್ಕಾರ ತನ್ನ ಜನರ ಪರವಾಗಿ ಈ ಬಾಕಿ ಕೇಳುವುದನ್ನೇ ಬಿಟ್ಟಿತು. ಅಮೆರಿಕದಲ್ಲಿ 1916ರ ರಷ್ಯನ್ ಬಾಂಡುಗಳನ್ನು ಹಿಡಿದವರು ಕೋರ್ಟಿಗೆ ಹೋದರು. 1988ರಲ್ಲಿ ಮೇಲ್ಮನವಿ ಕೋರ್ಟು ಅವರ ದಾವೆಯನ್ನು ನಿಲ್ಲಲು ಬಿಡಲಿಲ್ಲ. ಭಾರತದಲ್ಲಿ ಕೂತು ಸಂತೆಯಲ್ಲಿ ಕೊಂಡ ಬಾಂಡಿಗೆ ಈ ಯಾವ ಬಾಗಿಲೂ ತೆರೆದಿಲ್ಲ.

ಕೋಟಿಯ ಲೆಕ್ಕ ಎಲ್ಲಿಂದ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಲೆಕ್ಕ ಕೇಳಲು ಸರಿಯಾಗಿಯೇ ಇರುತ್ತದೆ. ಅಂದಿನ ಎಷ್ಟೋ ಬಾಂಡುಗಳ ಮೇಲೆ 187.50 ರೂಬಲ್, ಅಂದರೆ 500 ಫ್ರಾಂಕ್ ಎಂದಿರುತ್ತದೆ. ಅಂದಿನ ಕಾನೂನಿನ ಪ್ರಕಾರ ಅದು ಸುಮಾರು 145 ಗ್ರಾಂ ಶುದ್ಧ ಚಿನ್ನ. ಇಂದಿನ ದರ ಹಾಕಿದರೆ ಒಂದು ಕಾಗದಕ್ಕೇ ಹತ್ತು ಲಕ್ಷ ದಾಟುತ್ತದೆ. ನೂರು ವರ್ಷದ ಚಕ್ರಬಡ್ಡಿ ಸೇರಿಸಿ, ನಾಲ್ಕರಿಂದ ಗುಣಿಸಿ, ಕೋಟಿ ಬರಲೇಬೇಕು. ಆದರೆ ಅದೇ ಕಾಗದವನ್ನು ಯುರೋಪಿನ ವ್ಯಾಪಾರಿಗಳು ಇವತ್ತೂ ಕೆಲವೇ ಯೂರೋಗಳಿಗೆ, ಹೆಚ್ಚೆಂದರೆ ಕೆಲವು ಹತ್ತು ಯೂರೋಗಳಿಗೆ ಮಾರುತ್ತಾರೆ. ನಿಮ್ಮ ಯಜಮಾನರೂ ಅಷ್ಟಕ್ಕೇ ಕೊಂಡಿರಬೇಕು. ಹತ್ತು ಲಕ್ಷ ಬರುವುದು ನಿಜವಾಗಿದ್ದರೆ ಪ್ಯಾರಿಸ್ಸಿನ ವ್ಯಾಪಾರಿ ಅದನ್ನು ಊಟದ ಬಿಲ್ಲಿನ ಬೆಲೆಗೆ ಕೊಡುತ್ತಿದ್ದನೇ? ಅವರ ಕೈಯಲ್ಲಿರುವ ರಸೀದಿಯೇ ಆ ಫೋನಿಗೆ ಉತ್ತರ.

ಹಾಗಾದರೆ ಬೆಲೆ ಇದೆಯೇ ಎಂದು ಕೇಳಿದಿರಿ. ಇದೆ, ಆದರೆ ಆ ಬೆಲೆ ಕಾಗದದ ಮೇಲೆ ಅಚ್ಚಾದದ್ದಲ್ಲ, ಅಪರೂಪವಾದದ್ದಕ್ಕೆ ಸಿಗುವ ಬೆಲೆ. ಪಶ್ಚಿಮ ಯುರೋಪಿನಲ್ಲಿ ಲಕ್ಷಗಟ್ಟಲೆ ಮಾರಿದ ರೈಲು ಬಾಂಡುಗಳು, ನಗರಗಳ ಸಾಲಪತ್ರಗಳು ಇವತ್ತೂ ಕಟ್ಟುಗಟ್ಟಲೆ ಸಿಗುತ್ತವೆ, ಆದ್ದರಿಂದ ಅಗ್ಗ. ಮಾಸ್ಕೋದ ಬಟ್ಟೆ ಗಿರಣಿಗಳ ಕಥೆ ಬೇರೆ. ಮೊರೊಜೊವ್‌ರಂಥ ವ್ಯಾಪಾರಿ ಮನೆತನಗಳು ಕಂಪನಿಯ ಪಾಲನ್ನು ದೊಡ್ಡ ದೊಡ್ಡ ಮೊತ್ತದ ಕೆಲವೇ ಪತ್ರಗಳಾಗಿ ಹಂಚಿ ತಮ್ಮವರೊಳಗೇ ಇಟ್ಟುಕೊಂಡವು. ಕ್ರಾಂತಿಯಲ್ಲಿ ಅಂಥವು ಮನೆಯೊಂದಿಗೇ ಹಾಳಾದವು. ಇಂಥದೊಂದು ಚೆನ್ನಾಗಿ ಉಳಿದು ಹರಾಜಿಗೆ ಬಂದರೆ ಸಾವಿರಾರು ಯೂರೋ ಕೊಡುವವರಿದ್ದಾರೆ. ನೊಬೆಲ್ ಕಂಪನಿಯ ಮೊದಲ 5000 ರೂಬಲ್ ಪಾಲುಪತ್ರಗಳೂ ಆ ಜಾತಿಯವೇ. ಅಗ್ಗದ ಸಾಮಾನ್ಯ ಬಾಂಡುಗಳನ್ನು ರಾಶಿ ಹಾಕುವುದಕ್ಕಿಂತ ಆರಿಸಿ ಕೆಲವನ್ನೇ ಕೊಳ್ಳುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕಪಾಟಿನಲ್ಲಿ ಒಂದೇ ಬಾಂಡಿನ ನಾಲ್ಕು ಪ್ರತಿ ಇದ್ದರೆ ಅದು ಸಂಗ್ರಹವಲ್ಲ, ದಾಸ್ತಾನು.

ಮತ್ತೆ ಅಸಲಿ, ನಕಲಿ ಗುರುತಿಸುವ ಕೆಲಸಕ್ಕೆ ಬ್ಯಾಂಕಿನವರಷ್ಟು ಹೇಳಿ ಮಾಡಿಸಿದವರು ಬೇರೆ ಇಲ್ಲ. ಖೋಟಾ ನೋಟು ಹಿಡಿಯಲು ಕೌಂಟರಿನಲ್ಲಿ ಇಡುತ್ತಿದ್ದ ಆ ನೇರಳೆ ದೀಪ ಇದೆಯಲ್ಲ, ಅದರಡಿ ಕಾಗದವನ್ನು ಹಿಡಿಯಲಿ. ಕಾಗದವನ್ನು ಬಿಳಿಯಾಗಿಸಲು ಇಂದು ಬೆರೆಸುವ ರಾಸಾಯನಿಕ ಝಾರ್ ಕಾಲದಲ್ಲಿ ಇರಲಿಲ್ಲ. ನೀಲಿಯಾಗಿ ಹೊಳೆದರೆ ಅದು ಹೊಸ ಮುದ್ರಣ. ಭೂತಗನ್ನಡಿಯಲ್ಲಿ ಗೆರೆಗಳು ಅಖಂಡವಾಗಿ ಕಾಣಬೇಕು. ಬಣ್ಣ ಬಣ್ಣದ ಸಣ್ಣ ಚುಕ್ಕೆಗಳಾಗಿ ಒಡೆದರೆ ಅದು ಅಲಂಕಾರಕ್ಕೆ ಮಾಡಿದ ನಕಲು. ಪೀಟರ್ಸ್‌ಬರ್ಗಿನಲ್ಲಿ 1818ರಲ್ಲಿ ಶುರುವಾದ ಸರ್ಕಾರಿ ಕಾಗದ ಮುದ್ರಣಾಲಯದ ಕೆಲಸ ಎಷ್ಟು ನಯ ಎಂದರೆ, ಅದರ ವಾಟರ್‌ಮಾರ್ಕ್ ಮತ್ತು ಬಳ್ಳಿಗೆರೆಗಳನ್ನು ನೋಡುವುದಕ್ಕೇ ಒಂದು ಸಂಜೆ ಬೇಕು. ರಷ್ಯನ್ ಅಕ್ಷರಗಳೂ ಸಾಕ್ಷಿ ಹೇಳುತ್ತವೆ. 1918ರ ಲಿಪಿ ಸುಧಾರಣೆಗೆ ಮುಂಚೆ ವ್ಯಂಜನದಲ್ಲಿ ಮುಗಿಯುವ ಪದಗಳ ತುದಿಗೆ ಒಂದು ಗಟ್ಟಿ ಚಿಹ್ನೆ ಬರೆಯುತ್ತಿದ್ದರು. 1900ರ ಕಾಗದದಲ್ಲಿ ಅದು ಇಲ್ಲದಿದ್ದರೆ ಅನುಮಾನಪಡಬೇಕು. ಬಾಂಡಿನ ಕಾಲವನ್ನು ಅದರ ಮೊತ್ತದಿಂದಲೂ ಹಿಡಿಯಬಹುದು: 500 ಫ್ರಾಂಕಿಗೆ 125 ಚಿನ್ನದ ರೂಬಲ್ ಎಂದಿದ್ದರೆ ಅದು ವಿಟ್ಟೆಯ ಸುಧಾರಣೆಗೆ ಮುಂಚಿನದು, 187.50 ಎಂದಿದ್ದರೆ ನಂತರದ್ದು. ಮೂಲೆಯಲ್ಲಿ ಬೆಲ್ಜಿಯಂ, ಫ್ರಾನ್ಸ್, ಜರ್ಮನಿಯ ತೆರಿಗೆ ಮುದ್ರೆಗಳಿದ್ದರೆ ಆ ಕಾಗದ ಯಾವ ಯಾವ ದೇಶದಲ್ಲಿ ಕೈ ಬದಲಿಸಿತು ಎಂಬುದು ಗೊತ್ತಾಗುತ್ತದೆ.

ಪ್ರತಿ ಕಂಪನಿಯ ಹಿಂದೆ ಒಂದು ಊರಿದೆ, ಜನರಿದ್ದಾರೆ. ನನಗೆ ಈ ಹವ್ಯಾಸದಲ್ಲಿ ಹೆಚ್ಚು ಗೌರವ ಹುಟ್ಟುವುದು ಇಲ್ಲಿ. ಪುತಿಲೊವ್ ಕಾರ್ಖಾನೆಯ ಷೇರು ಅವರ ಬಳಿ ಇದ್ದರೆ, 1917ರ ಫೆಬ್ರುವರಿಯಲ್ಲಿ ಅದೇ ಕಾರ್ಖಾನೆಯ ಮುಷ್ಕರ ರಾಜಧಾನಿಯನ್ನೇ ಬೀದಿಗೆ ತಂದಿತು, ವಾರಗಳೊಳಗೆ ಝಾರ್ ಸಿಂಹಾಸನ ಬಿಟ್ಟ. ಲೇನಾ ಚಿನ್ನದ ಗಣಿಯದ್ದಿದ್ದರೆ, 1912ರ ಏಪ್ರಿಲಿನಲ್ಲಿ ಆ ಗಣಿಯ ಮುಷ್ಕರನಿರತ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿ ನೂರಾರು ಜನರನ್ನು ಕೆಡವಿದರು. ಅಲಂಕಾರದ ಅಂಚಿನ ಆ ಕಾಗದವನ್ನು ಗೋಡೆಗೆ ತೂಗುಹಾಕುವವರು ಇದನ್ನು ತಿಳಿದೇ ತೂಗುಹಾಕಬೇಕು. ಜಾನ್ ಹ್ಯೂಸ್ ಎಂಬ ವೇಲ್ಸ್‌ನ ಕಬ್ಬಿಣದ ಕೆಲಸಗಾರ 1869ರಲ್ಲಿ ಲಂಡನ್ನಿನಲ್ಲಿ ನ್ಯೂ ರಷ್ಯಾ ಕಂಪನಿಯನ್ನು 3 ಲಕ್ಷ ಪೌಂಡ್ ಬಂಡವಾಳದಿಂದ ಕಟ್ಟಿ, ಬಯಲು ಹುಲ್ಲುಗಾವಲಿಗೆ ಹೋಗಿ ಕುಲುಮೆ ಹೂಡಿದ. ಸುತ್ತ ಬೆಳೆದ ಊರಿಗೆ ಅವನ ಹೆಸರಿನಿಂದಲೇ ಯೂಜೊವ್ಕಾ ಎಂದಾಯಿತು. ಯುದ್ಧದ ಸುದ್ದಿಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಡೊನೆಟ್ಸ್ಕ್ ಅದೇ ಊರು.

ಅದೇ ಲಂಡನ್ನಿನಲ್ಲಿ, ಹನ್ನೊಂದು ವರ್ಷದ ಬಳಿಕ, 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಕೋಲಾರದ ಗಣಿಗಳು ಇವು. ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಕಂಪನಿಗಳ ಷೇರುಗಳೂ ಅದೇ ಮಾರುಕಟ್ಟೆಯಲ್ಲಿ ಕೈ ಬದಲಿಸಿದವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು, 2001ರಲ್ಲಿ ಗಣಿಗಾರಿಕೆಯೇ ನಿಂತಿತು. ಲೇನಾದ ಪಕ್ಕದಲ್ಲಿ ಕೋಲಾರದ ಒಂದು ಷೇರು ಪತ್ರ ಇಟ್ಟರೆ ಅವರ ಸಂಗ್ರಹಕ್ಕೆ ಹೊಸ ಅರ್ಥ ಬರುತ್ತದೆ. ಅದರ ಬಗ್ಗೆ ನಿಮಗೂ ಅವರಿಗೂ ಮಾತನಾಡಲು ಏನಾದರೂ ಇರುತ್ತದೆ.

ಇನ್ನು ದುಡ್ಡಿನ ಏರ್ಪಾಡು. ಅವರು ಮೊತ್ತ ಮುಚ್ಚಿಡುವುದು ತಪ್ಪು, ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ. ಪಿಂಚಣಿ ಇಬ್ಬರ ಬದುಕಿನದ್ದು. ಹವ್ಯಾಸಕ್ಕೆಂದೇ ಪ್ರತ್ಯೇಕ ಉಳಿತಾಯ ಖಾತೆ ತೆರೆಯಲಿ, ಇಬ್ಬರೂ ಒಪ್ಪಿದ ಮೊತ್ತ ಪ್ರತಿ ತಿಂಗಳು ಅದಕ್ಕೆ ಹೋಗಲಿ, ಅದು ಬರಿದಾದರೆ ಮುಂದಿನ ತಿಂಗಳವರೆಗೆ ಹರಾಜು ಬೇಡ. ಬಡ್ಡಿಗೆ ತಂದು, ಕಾರ್ಡಿನಲ್ಲಿ ಕಂತು ಹಾಕಿ ಕೊಳ್ಳುವುದು ಯಾವತ್ತೂ ಬೇಡ. ಇದನ್ನು ಹೂಡಿಕೆ ಎಂದು ಕರೆಯುವುದನ್ನೂ ಬಿಡಲಿ. ಹರಾಜು ಮನೆಗಳು ಕೊಳ್ಳುವವರಿಂದಲೂ ಮಾರುವವರಿಂದಲೂ ಕಮಿಷನ್ ತೆಗೆದುಕೊಳ್ಳುತ್ತವೆ, ಸಾಗಣೆ ಖರ್ಚು, ಸುಂಕ ಬೇರೆ. ಇವತ್ತು ಕೊಂಡದ್ದನ್ನು ನಾಳೆ ಮಾರಿದರೆ ನಷ್ಟವೇ. ನಿಮ್ಮ ಮೊಣಕಾಲಿನ ಎಫ್‌ಡಿ ಮುಂದಿನ ಸಲ ನವೀಕರಿಸುವಾಗ ಇಬ್ಬರ ಹೆಸರಿನಲ್ಲಿ ಮಾಡಿಸಿ, ಇಬ್ಬರೂ ಸಹಿ ಹಾಕಿದರೆ ಮಾತ್ರ ಮುರಿಯುವಂತೆ ಬರೆಸಿ. ಸಾಧ್ಯವಾದರೆ ಆಪರೇಷನ್ನನ್ನೇ ಮುಂದೂಡದೆ ಮುಗಿಸಿಬಿಡಿ.

ಮಾರಾಟದ ಮಾತು ಬಂದದ್ದರಿಂದ ಕಾನೂನಿನ ಒಂದು ವಿಷಯ. ಭಾರತದ 1972ರ ಪುರಾತನ ವಸ್ತುಗಳ ಕಾಯಿದೆಯಲ್ಲಿ, ಐತಿಹಾಸಿಕ ಅಥವಾ ಕಲಾತ್ಮಕ ಮೌಲ್ಯದ ದಾಖಲೆ 75 ವರ್ಷ ದಾಟಿದ್ದರೆ ಪುರಾತನ ವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೊರಗಿನಿಂದ ಬಂದ ಕಾಗದ ತಾನೆ ಎಂದು ಅಂಚೆಗೆ ಹಾಕಿಬಿಡಬೇಡಿ. ಯುರೋಪಿನ ಹರಾಜಿಗೆ ವಾಪಸ್ ಕಳಿಸುವ ಯೋಚನೆ ಇದ್ದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸಲಿ. ಬಿಲ್ಲುಗಳನ್ನೂ ಕಸ್ಟಮ್ಸ್ ಚೀಟಿಗಳನ್ನೂ ಎಸೆಯದಿರಲಿ. ನೇರವಾಗಿ ರಷ್ಯದಿಂದ ತರಿಸುವುದು ಬೇಡವೇ ಬೇಡ. ಅಲ್ಲಿಂದ ಹಳೆಯ ಸಾಂಸ್ಕೃತಿಕ ವಸ್ತು ಹೊರಬರಲು ಪರವಾನಗಿ ಬೇಕು. 2022ರ ನಂತರ ಹಣ ಕಳಿಸುವುದೂ ತೊಡಕಾಗಿದೆ.

ಉಡುಪಿಯ ಮಳೆಗಾಲ ಈ ಕಾಗದಗಳ ನಿಜವಾದ ಶತ್ರು. ಆಟಿಯಲ್ಲಿ ಕಬ್ಬಿಣದ ಕಪಾಟಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ, ಇನ್ನು ನೂರು ವರ್ಷದ ಕಾಗದ ಕೇಳಬೇಕೇ. ಲ್ಯಾಮಿನೇಶನ್ ಮಾಡಿಸಬಾರದು, ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬಾರದು. ಎರಡೂ ಕಾಗದವನ್ನು ಶಾಶ್ವತವಾಗಿ ಕೆಡಿಸುತ್ತವೆ. ಪಾಲಿಯೆಸ್ಟರ್ ಹಾಳೆಯ ಲಕೋಟೆಗಳು ಸಿಗುತ್ತವೆ, ಪಿವಿಸಿಯವು ಬೇಡ. ಮಡಿಸದೆ ಚಪ್ಪಟೆಯಾಗಿ ಇಡಬೇಕು, ಗೋಡೆಗೆ ತಾಗದಂತೆ, ಗೆದ್ದಲು ಬರುವ ಮೂಲೆಯಿಂದ ದೂರ. ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮಳೆಗಾಲದಲ್ಲಿ ಆಗಾಗ ಬದಲಿಸಬೇಕು. ಚೌಕಟ್ಟು ಹಾಕಿ ಬಿಸಿಲು ಬೀಳುವ ಗೋಡೆಗೆ ಹಾಕಿದರೆ ಬಣ್ಣ ಹೋಗುತ್ತದೆ. ಮುಟ್ಟುವ ಮುಂಚೆ ಕೈ ತೊಳೆದು ಒರೆಸಿಕೊಂಡರೆ ಸಾಕು.

ಕೊನೆಗೆ ನೀವು ಕೇಳಿದ ದೊಡ್ಡ ಪ್ರಶ್ನೆ, ಇವರಿಗೆ ಏನಾಗಿದೆ ಎಂಬುದು. ನಿಮ್ಮ ಪತ್ರದ ಮೂರನೆಯ ಸಾಲಿನಲ್ಲೇ ಅದರ ಸುಳಿವಿದೆ ಎಂದು ನನಗೆ ಅನಿಸುತ್ತದೆ. ಜೀವಮಾನವಿಡೀ ಒಂದು ಹೆಸರಿನ ಕೆಳಗೆ ಸಹಿ ಹಾಕಿದ ಮನುಷ್ಯ, ನಿವೃತ್ತಿಯ ಬೆನ್ನಿಗೇ ಆ ಹೆಸರು ಬೋರ್ಡಿನಿಂದ ಇಳಿಯುವುದನ್ನು ನೋಡಿದ್ದಾರೆ. ಕರಾವಳಿಯ ಸಾವಿರಾರು ಬ್ಯಾಂಕ್ ಕುಟುಂಬಗಳು 2019 ಮತ್ತು 2020ರಲ್ಲಿ ಇದನ್ನು ಅನುಭವಿಸಿವೆ. ಹೆಸರು ಹೋದ ಕಂಪನಿಗಳ ಮೊಹರು, ಸಹಿ, ಸಂಖ್ಯೆಗಳ ಮೇಲೆ ಅವರಿಗೆ ಅಷ್ಟು ಪ್ರೀತಿ ಹುಟ್ಟಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಫೋನಿನ ಮಾತು ಅವರನ್ನು ಹಿಡಿದದ್ದೂ ಬಹುಶಃ ದುಡ್ಡಿನ ಆಸೆಗಿಂತ, ತಾನು ಕೂಡಿಟ್ಟದ್ದು ಕಸವಲ್ಲ ಎಂದು ಮನೆಯವರಿಗೆ ತೋರಿಸುವ ಹಂಬಲದಿಂದ. ಆ ಹಂಬಲ ತೀರಲು ರಷ್ಯ ಸರ್ಕಾರದ ಚೆಕ್ಕು ಬೇಕಿಲ್ಲ. ಒಂದು ಸಂಜೆ ನೀವೇ ಪಕ್ಕದಲ್ಲಿ ಕೂತು, ಆ ಒಡೆಸ್ಸಾದ ಟ್ರಾಮಿನ ಷೇರು ತೆಗೆಸಿ, ಅದರ ಕಥೆ ಹೇಳಿಸಿಕೊಳ್ಳಿ. ಬಚ್ಚಲೊಲೆಯ ಮಾತಿಗೆ ಬೇಸರ ಹೇಳಿ. ಆಮೇಲೆ ಎಫ್‌ಡಿಯ ಮಾತು ಎತ್ತಿ, ಅದರಲ್ಲಿ ಮಾತ್ರ ಒಂದಿಂಚೂ ಸಡಿಲ ಬಿಡಬೇಡಿ.

ಓದುವ ಅಭ್ಯಾಸ ಇದ್ದರೆ ಟಾಲ್‌ಸ್ಟಾಯ್‌ನ ‘ಖೋಟಾ ಕೂಪನ್’ ಎಂಬ ನೀಳ್ಗತೆಯನ್ನು ಇಬ್ಬರೂ ಓದಿ. ಬಾಂಡಿನ ಕೂಪನ್ನುಗಳು ರಷ್ಯದಲ್ಲಿ ನೋಟಿನಂತೆ ಕೈಯಿಂದ ಕೈಗೆ ಓಡಾಡುತ್ತಿದ್ದ ಕಾಲ. ಎರಡೂವರೆ ರೂಬಲ್ಲಿನ ಕೂಪನ್ನಿಗೆ ಮುಂದೆ ಒಂದು ಅಂಕಿ ಸೇರಿಸಿ ಹನ್ನೆರಡೂವರೆ ಮಾಡಿದ ಶಾಲಾ ಹುಡುಗರ ತಪ್ಪು ಎಷ್ಟು ಜನರ ಬದುಕನ್ನು ಕೆಡಿಸುತ್ತಾ ಹೋಗುತ್ತದೆ ಎಂಬ ಕಥೆ ಅದು. ನಿಮ್ಮ ಕಪಾಟಿನಲ್ಲಿರುವ ಕೂಪನ್ನುಗಳನ್ನು ನೋಡಿದವರಿಗೆ ಅದು ಬೇರೆಯವರಿಗಿಂತ ಹೆಚ್ಚು ಅರ್ಥವಾಗುತ್ತದೆ.

ಇನ್ನೊಂದು ಕೆಲಸ ಈ ತಿಂಗಳೊಳಗೆ ಮುಗಿಸಿ. ಒಂದು ಲೆಡ್ಜರಿನಲ್ಲಿ ಪ್ರತಿ ಕಾಗದದ ಹೆಸರು, ಸಂಖ್ಯೆ, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು ಎಂದು ಅವರು ಬರೆಯಲಿ. ಲೆಡ್ಜರ್ ಬರೆಯಲು ಅವರಿಗೆ ಯಾರೂ ಕಲಿಸಬೇಕಿಲ್ಲ. ಅದರ ಒಂದು ಪ್ರತಿ ನಿಮ್ಮ ಬಳಿ ಇರಲಿ, ಇನ್ನೊಂದನ್ನು ಬ್ರಸೆಲ್ಸ್‌ನಲ್ಲಿರುವ ಮಗನಿಗೆ ಕಳಿಸಿ.